ಬಂದೂಕಿನ ಹಣೆ

ನಮ್ಮ ಮನೆಗೆ ಬಂದೂಕು ಬಂದದ್ದು ಕೌದಿಯಲ್ಲಿ ಸುತ್ತಿಕೊಂಡು. ಹಳೆಯ ಸೀರೆಯ ತುಂಡುಗಳನ್ನು ಒಂದರ ಮೇಲೊಂದಿಟ್ಟು ಹೆಂಗಸರು ಬೇಸಿಗೆಯುದ್ದಕ್ಕೂ ಕೂತು ಹೊಲಿಯುವ ಆ ಮೆತ್ತನೆಯ ಹೊದಿಕೆಯಲ್ಲಿ ನಮ್ಮ ಕಡೆ ಕೂಸುಗಳನ್ನು ಸುತ್ತುತ್ತಾರೆ, ಮುದುಕರಿಗೆ ಹೊದಿಸುತ್ತಾರೆ, ನೆಂಟರು ಬಂದರೆ ಹಾಸುತ್ತಾರೆ. ಆದರೆ ಅದರೊಳಗಿಂದ ಕಬ್ಬಿಣದ ಸಾಮಾನು ಹೊರಬರುತ್ತದೆಂದು ಯಾರೂ ಎಣಿಸುವುದಿಲ್ಲ. ಆದ್ದರಿಂದ ಮಸ್ಕಿಯ ನನ್ನ ಸೋದರಮಾವ ಬಸಣ್ಣ ಬಂಡಿಯಿಂದಿಳಿದು, ಉದ್ದನೆಯ ಕೌದಿಯ ಗಂಟೊಂದನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ನಮ್ಮ ಹೊಸ್ತಿಲ ಬಳಿ ನಿಂತಾಗ, ಒಳಗಿನಿಂದ ಬಂದ ನಮ್ಮ ಆಯಿ, ಅಂದರೆ ನಮ್ಮಪ್ಪನ ತಾಯಿ, ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿ, "ಯಾರ ಕೂಸ್ರೀ ಅದು? ಇಷ್ಟು ಉದ್ದ ಐತಿ!" ಎಂದದ್ದರಲ್ಲಿ ತಪ್ಪೇನೂ ಇರಲಿಲ್ಲ.

"ನಿಮ್ಮ ಮೊಮ್ಮಗಂದ ರೀ ಅಮ್ಮಾರ. ಹೈದರಾಬಾದಿನಿಂದ ಬಂದೈತಿ," ಎಂದ ಮಾವ.

ಆಗ ಆಯಿ ನನ್ನ ಕಡೆ ತಿರುಗಿ ನೋಡಿದ ನೋಟವನ್ನು ನಾನು ಇಂದಿಗೂ ಮರೆತಿಲ್ಲ. ನನಗಿನ್ನೂ ಮದುವೆಯಾಗಿರಲಿಲ್ಲ.

ಇದು ನಿಜಾಮರ ಆಳ್ವಿಕೆಯ ಕಾಲದ ಮಾತು. ಈಗ ಸಿಂಧನೂರಿನಿಂದ ಮಸ್ಕಿಗೆ ಬಸ್ಸಿನ ಕಿಟಕಿಯ ಬಳಿ ಕೂತು ಬರುವ ನಿಮಗೆ ದಾರಿಯ ಎರಡೂ ಕಡೆ ಕಾಲುವೆಯ ನೀರು, ಭತ್ತದ ಹಸಿರು, ಅದರಲ್ಲಿ ಬಿಳಿಯ ಕೊಕ್ಕರೆ ಕಾಣುತ್ತವೆ. ಆಗ ಬಳಗಾನೂರಿನ ದಾರಿಯಲ್ಲಿದ್ದ ನಮ್ಮ ಹಳ್ಳಿಯ ಸುತ್ತ ಕಣ್ಣು ಹಾಯುವವರೆಗೂ ಎರೆಹೊಲ, ಹೊಲದ ತುಂಬ ಬಿಳಿಜೋಳ, ಅದರಾಚೆ ಬಂಡೆಗಲ್ಲಿನ ಗುಡ್ಡ, ಗುಡ್ಡದಲ್ಲಿ ಕಾಡುಹಂದಿ. ಚಳಿಗಾಲದಲ್ಲಿ ಜೋಳದ ತೆನೆ ಹಾಲು ತುಂಬಿಕೊಳ್ಳುವ ಹೊತ್ತಿಗೆ ಸರಿಯಾಗಿ ಅವು ಮಕ್ಕಳುಮರಿಗಳ ಸಮೇತ ನೆಂಟರಂತೆ ಇಳಿದು ಬರುತ್ತಿದ್ದವು. ತಿನ್ನುವುದು ಅಷ್ಟಿಷ್ಟು, ಉರುಳಾಡಿ ಕೆಡವುವುದು ಬಹಳ. ಹಲಗೆ ಬಾರಿಸಿದರೆ ಮೊದಲ ದಿನ ಓಡುತ್ತಿದ್ದವು, ಮಾರನೆಯ ದಿನ ಕಿವಿ ನಿಮಿರಿಸಿ ಕೇಳುತ್ತಿದ್ದವು, ಅದರ ಮರುದಿನ ಕೇಳುತ್ತಲೇ ಮೇಯುತ್ತಿದ್ದವು. ಬೇಸತ್ತ ಊರವರು ಚಾವಡಿಯಲ್ಲಿ ಸೇರಿ, ಲಿಂಗಸುಗೂರಿನ ಶಾಲೆಯಲ್ಲಿ ಉರ್ದು ಕಲಿತು ಬಂದವನು ನಾನೊಬ್ಬನೇ ಆದ್ದರಿಂದ, ಬಂದೂಕಿನ ಪರವಾನಗಿ ತರುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ನಾನು ಬರೆದ ಅರ್ಜಿಯಲ್ಲಿ ಹಂದಿಗಳ ಕೋರೆ, ಕೊಬ್ಬು, ಕ್ರೌರ್ಯಗಳ ವರ್ಣನೆ ಎಷ್ಟು ಜೋರಾಗಿತ್ತೆಂದರೆ ಕಚೇರಿಯ ಸಾಹೇಬರು ಅದನ್ನು ಓದಿ ಮುಗಿಸಿ, ಕನ್ನಡಕ ತೆಗೆದು, "ಇದಕ್ಕೆ ಒಂದೇ ಬಂದೂಕು ಸಾಕೇನು?" ಎಂದು ಕಳವಳದಿಂದ ಕೇಳಿದರು.

ಕೌದಿ ಬಿಚ್ಚಿದಾಗ ನನಗೆ ಮೊದಲು ತಟ್ಟಿದ್ದು ವಾಸನೆ. ಹೊಸ ಮರ, ಎಣ್ಣೆ, ತಣ್ಣನೆಯ ಕಬ್ಬಿಣ, ಇವು ಮೂರೂ ಸೇರಿದ ಆ ವಾಸನೆಯನ್ನು ನಾನು ಅಲ್ಲಿಯವರೆಗೆ ಮೂಸಿರಲಿಲ್ಲ. ಕಂದುಬಣ್ಣದ ಮರದ ಹಿಡಿಕೆಯ ಮೇಲೆ ನೀರಿನ ಸುಳಿಯಂಥ ಗೆರೆಗಳು. ನೀಲಿ ಛಾಯೆಯ ಉದ್ದ ನಳಿಗೆ. ನಳಿಗೆಯ ತುದಿಯಲ್ಲಿ ಜೋಳದ ಕಾಳಿನಷ್ಟು ಒಂದು ಉಬ್ಬು, ಹಿಂದೆ ಕಣ್ಣಿನ ಹತ್ತಿರ ಒಂದು ಪುಟ್ಟ ಕಚ್ಚು. ಆ ಕಚ್ಚಿನೊಳಗೆ ಈ ಕಾಳನ್ನು ಕೂರಿಸಿದರೆ ಗುರಿ ಕೂತಂತೆ ಎಂದು ಮಾವ ಹೇಳಿಕೊಟ್ಟ. ಬೆರಳಿನಿಂದ ಎಳೆಯುವ ಭಾಗವನ್ನು ಬಂದೂಕಿನವರು ಕುದುರೆ ಎನ್ನುತ್ತಾರೆ. ಅದರ ಕೆಳಗಿನ ಕಬ್ಬಿಣದ ಹಿಡಿಯನ್ನು ಒತ್ತಿದರೆ ಮೇಲೊಂದು ಬಾಗಿಲು ತೆರೆದು, ಒಂದೇ ಒಂದು ತೋಟಾ, ಅಂದರೆ ಮದ್ದು ತುಂಬಿದ ಗುಂಡು, ಮಲಗುವಷ್ಟು ಗೂಡು ಕಾಣುತ್ತಿತ್ತು. ಹಿಡಿಯನ್ನು ಎಳೆದರೆ ಟಕ್ಕೆಂದು ಮುಚ್ಚುತ್ತಿತ್ತು. ಅಂದು ಸಂಜೆಯವರೆಗೆ ನಾನು ಅದನ್ನು ಬರಿದೇ ತೆರೆದು ಮುಚ್ಚಿ, ತೆರೆದು ಮುಚ್ಚಿ, ಕೊನೆಗೆ ಅವ್ವ ಅಡಿಗೆಮನೆಯಿಂದಲೇ, "ಅದರ ಬಾಗಲಾ ಮುರಿದುಹೋದೀತು, ಇಡು ಸಾಕು," ಎಂದು ಗದರಿಸಬೇಕಾಯಿತು.

ಒಂದೇ ತೋಟಾ! ಗೆಳೆಯರೇ, ಸಾಲುಸಾಲಾಗಿ ಗುಂಡುಗಳನ್ನು ಹೊಟ್ಟೆಯಲ್ಲಿ ತುಂಬಿಕೊಳ್ಳುವ ಬಂದೂಕುಗಳು ಆಗಲೂ ಇದ್ದವು, ಈಗಲೂ ಇವೆ. ಅವುಗಳ ಮುಂದೆ ನನ್ನದು ಬಡವರ ಮನೆಯ ಹೆಣ್ಣಿನಂತೆ ಮಿತಭಾಷಿ. ಆದರೆ ಅದರ ಸೊಗಸು ಇರುವುದೂ ಅಲ್ಲೇ ಎಂದು ನನಗೆ ಅಂದೇ ಅನ್ನಿಸಿತ್ತು. ಇನ್ನೊಂದು ಇದೆ, ಮತ್ತೊಂದು ಇದೆ ಎಂಬ ಧೈರ್ಯದಲ್ಲಿ ಮನುಷ್ಯ ಎಷ್ಟೊಂದು ಅಜಾಗರೂಕನಾಗುತ್ತಾನೆ! ಒಂದೇ ಇದೆ ಎಂದು ಗೊತ್ತಾದಾಗ ಅವನ ಕಣ್ಣು ಚುರುಕಾಗುತ್ತದೆ, ಉಸಿರು ನಿಧಾನವಾಗುತ್ತದೆ, ಬೇಡವೆಂದು ಬೆರಳು ಹಿಂದೆ ಸರಿಯುವುದಕ್ಕೂ ಒಂದಿಷ್ಟು ಅವಕಾಶ ಸಿಗುತ್ತದೆ. ನಾಲಿಗೆಗೂ ದೇವರು ಇಂಥದೊಂದು ಏರ್ಪಾಡು ಮಾಡಿ, ಒಂದು ಮಾತು ಆಡಿದ ಮೇಲೆ ಹಿಡಿ ಒತ್ತಿ ಖಾಲಿ ಡಬ್ಬಿ ತೆಗೆದು ಮತ್ತೊಂದು ಮಾತು ತುಂಬಿಕೊಳ್ಳಬೇಕು ಎಂದು ಕಟ್ಟುಮಾಡಿದ್ದರೆ, ನಮ್ಮ ಬಸಣ್ಣಮಾವನಂಥವರಿಂದ ಲೋಕಕ್ಕೆ ಎಷ್ಟು ಆರಾಮವಾಗುತ್ತಿತ್ತು.

ಬಸಣ್ಣಮಾವ ಮಸ್ಕಿಯಲ್ಲಿ ಹತ್ತಿಯ ಅಡತಿ ವ್ಯಾಪಾರ ಮಾಡುತ್ತಿದ್ದ. ಯಾವುದೋ ಕಾಲದಲ್ಲಿ ಒಬ್ಬ ಜಹಗೀರದಾರರ ಶಿಕಾರಿ ಪರಿವಾರದ ಹಿಂದೆ, ಬುತ್ತಿಯ ಬಂಡಿಯಲ್ಲಿ ಕೂತು ಹೋಗಿದ್ದನಂತೆ. ವರ್ಷಗಳು ಕಳೆದಂತೆ ಅವನು ಮಾತಿನಲ್ಲಿ ಆ ಬುತ್ತಿಯ ಬಂಡಿಯಿಂದ ಇಳಿದು, ಮುಂದಿನ ಕುದುರೆ ಏರಿ, ಕೊನೆಗೆ ಜಹಗೀರದಾರರಿಗೇ ಗುರಿ ಹಿಡಿಯುವುದನ್ನು ಕಲಿಸಿದವನಾಗಿಬಿಟ್ಟಿದ್ದ. ಆವೇಶ ಬಂದರೆ ಅವನ ಬಾಯಲ್ಲಿ ಉರ್ದು ಉಕ್ಕುತ್ತಿತ್ತು. "ಏ ಅಳಿಯಾ, ಶಿಕಾರಿ ಅಂದ್ರ ಬರೇ ಬಂದೂಕ ಅಲ್ಲಲೇ, ಅದಕ್ಕ ಶಾನ್ ಬೇಕು, ಶಾನ್!" ಎಂದು ನನ್ನನ್ನು ಮಸ್ಕಿಗೆ ಕರೆದೊಯ್ದು, ದರ್ಜಿಯ ಮುಂದೆ ಕೈ ಚಾಚಿ ನಿಲ್ಲಿಸಿ, ಕಿಸೆಗಳೇ ತುಂಬಿದ ಖಾಕಿ ಕೋಟೊಂದನ್ನು ಹೊಲಿಸಿದ. ಅಷ್ಟೂ ಕಿಸೆಯಲ್ಲಿ ಏನಿಡಬೇಕೆಂದು ನನಗೂ ಗೊತ್ತಿರಲಿಲ್ಲ, ಮಾವನಿಗೂ ಗೊತ್ತಿರಲಿಲ್ಲ. ಅವ್ವ ಒಂದರಲ್ಲಿ ಹುರಿದ ಶೇಂಗಾ ತುಂಬಿಟ್ಟಳು.

ಕೋಟು ಬಂತು, ಬಂದೂಕು ಬಂತು. ಇನ್ನು ಹಿತ್ತಲಲ್ಲಿ ಒಡಕು ಗಡಿಗೆಯೊಂದನ್ನು ಇಟ್ಟು ಕೈ ಪಳಗಿಸಿಕೊಳ್ಳೋಣವೆಂದು ನಾವು ಹೊರಟರೆ ಆಯಿ ಅಡ್ಡ ಬಂದಳು. ಆಕೆ ಅಡ್ಡ ಬಂದದ್ದಕ್ಕೆ ಕಾರಣ ನಮ್ಮ ಮನೆಯ ಒಂದು ಪದ್ಧತಿ. ಹೊಸದಾಗಿ ಏನೇ ಬರಲಿ, ಅದರ ಮೊದಲ ಕೆಲಸ ನಮ್ಮದಾಗಕೂಡದು, ಪರರದಾಗಬೇಕು. ಹೊಸ ಬಂಡಿ ಮೊದಲು ಹೇರುವುದು ಮಠದ ದಾಸೋಹದ ಕಟ್ಟಿಗೆ. ಹೊಸ ಬಾವಿಯ ಮೊದಲ ಕೊಡ ದಾರಿಹೋಕರ ದನಗಳಿಗೆ. ಹೊಸ ನೇಗಿಲಿನ ಮೊದಲ ಸಾಲು ಗಂಡುದಿಕ್ಕಿಲ್ಲದವರ ಹೊಲದಲ್ಲಿ. ನನ್ನ ಶಾಲೆಯ ದಿನಗಳಲ್ಲಿ ಹೊಸ ಲೇಖಣಿಯಿಂದ ನಾನು ಮೊದಲು ಬರೆದದ್ದು ಪಕ್ಕದ ಮನೆಯವರ ಕ್ಷೇಮಸಮಾಚಾರ. ಹಾಗಿರುವಾಗ ಬಂದೂಕಿನ ಮೊದಲ ಗುಂಡನ್ನು ಒಡಕು ಗಡಿಗೆಗೆ ಹಾಕುವುದುಂಟೆ?

ಆದರೆ ಇಲ್ಲೊಂದು ತೊಡಕಿತ್ತು. ನಮ್ಮದು ಲಿಂಗಪೂಜೆಯಾಗದೆ ನೀರು ಮುಟ್ಟದ, ಕೋಳಿಮೊಟ್ಟೆ ಕಂಡರೂ ಸೆರಗು ಮೂಗಿಗೆ ಹೋಗುವ ಮನೆ. ಬಂಡಿಯ ಕೆಲಸ ಹೇರುವುದು, ಬಾವಿಯ ಕೆಲಸ ನೀರು ಕೊಡುವುದು, ಬಂದೂಕಿನ ಕೆಲಸ ಜೀವ ತೆಗೆಯುವುದು. ಪದ್ಧತಿಯ ಪ್ರಕಾರ ಮೊದಲ ಕೊಲೆಯ ಪುಣ್ಯವನ್ನು ಪರರಿಗೆ ದಾನ ಮಾಡಬೇಕೆ? ಅದು ಪುಣ್ಯವೋ ಪಾಪವೋ? ಆಯಿ ಒಂದು ದಿನ ಪೂರ್ತಿ ಯೋಚಿಸಿದಳು. ಜೋಳ ಹಸನು ಮಾಡುವಾಗಲೂ ಯೋಚಿಸಿದಳು, ವಿಭೂತಿ ಹಚ್ಚಿಕೊಳ್ಳುವಾಗಲೂ ಯೋಚಿಸಿದಳು. ಕೊನೆಗೆ, "ನಮ್ಮ ಬಾಜೂಕಿನ ದ್ಯಾಮವ್ವನ ಹೊಲದಾಗ ಮೊದಲ್ನೇ ಗುಂಡು ಹಾರ್ಲಿ. ಪುಣ್ಯ ಬಂದ್ರ ಆಕಿಗೆ ಇರ್ಲಿ, ಪಾಪ ಬಂದ್ರ ನನಗಿರ್ಲಿ, ನಾ ಶಿವನ ಮುಂದ ನೋಡ್ಕೋತೀನಿ," ಎಂದು ತೀರ್ಪು ಕೊಟ್ಟಳು. ಶಿವನೊಡನೆ ಆಯಿಗೆ ಅಷ್ಟು ಸಲಿಗೆ ಇತ್ತು.

ಮರುದಿನ ಪಡಸಾಲೆಯಲ್ಲಿ ಬಂದೂಕಿನ ಪೂಜೆ. ಅವ್ವ ಆರತಿ ತಂದಳು, ಮಾವ ತೆಂಗಿನಕಾಯಿ ಒಡೆದ. ಆಯಿ ವಿಭೂತಿಯನ್ನು ನೀರಲ್ಲಿ ಗಟ್ಟಿಯಾಗಿ ಕಲಸಿಕೊಂಡು, ಮೂರು ಬೆರಳು ಅದ್ದಿಕೊಂಡು, ಕೈ ಎತ್ತಿದವಳು ಅಲ್ಲಿಯೇ ನಿಂತಳು. ವಿಭೂತಿ ಧರಿಸುವುದು ಹಣೆಗೆ. ಎತ್ತಿನ ಹಣೆ ಗೊತ್ತು, ಬಂಡಿಯ ನೊಗವೇ ಅದರ ಹಣೆ, ಬಾಗಿಲಿಗೆ ಮೇಲ್ಪಟ್ಟಿ ಹಣೆ. "ಇದರ ಹಣಿ ಎಲ್ಲೈತ್ರೀ ಬಸಣ್ಣಾರ?" ಎಂದು ಆಯಿ ಕೇಳಿದಳು.

ಮಾವ ಜೀವಮಾನದಲ್ಲಿ ಗೊತ್ತಿಲ್ಲ ಎಂದವನಲ್ಲ. ಬಂದೂಕನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಗುಂಡು ಹಾರೂದು ಈ ಕಡಿಂದ್ರೀ, ಅಂದ್ರ ಇದು ಬಾಯಿ. ನೋಡೂದು ಈ ಕಚ್ಚಿನಾಗಿಂದ್ರೀ, ಅಂದ್ರ ಇದು ಕಣ್ಣು. ಕಣ್ಣಿದ್ದಲ್ಲೇ ಹಣಿ ಇರಬೇಕಲ್ರೀ?" ಎಂದ. ಈ ತರ್ಕದಲ್ಲಿ ದೋಷ ತೋರಿಸಬಲ್ಲ ಪಂಡಿತರು ನಮ್ಮ ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಆಯಿ ಕಣ್ಣು ಮುಚ್ಚಿ ಮಂತ್ರ ಹೇಳುತ್ತ, ಸರಿಯಾಗಿ ಗುರಿಯ ಕಚ್ಚಿನ ಮೇಲೆ, ಮೂರು ಬೆರಳ ದಪ್ಪ ವಿಭೂತಿಯನ್ನು ಎಳೆದಳು. ಮಧ್ಯದಲ್ಲಿ ಒಂದು ಕುಂಕುಮದ ಬೊಟ್ಟೂ ಬಿತ್ತು. ನೋಡಿದರೆ ಬಂದೂಕು ನಿಜಕ್ಕೂ ಒಬ್ಬ ತೆಳ್ಳನೆಯ ಸ್ವಾಮಿಗಳ ಹಾಗೆ ಕಾಣುತ್ತಿತ್ತು.

ದ್ಯಾಮವ್ವನ ಹೊಲ ನಮ್ಮ ಹೊಲದ ಬದುವಿಗೆ ಅಂಟಿಕೊಂಡೇ ಇತ್ತು. ನಲವತ್ತು ದಾಟಿದ, ಗಟ್ಟಿ ಮೈಯ, ಅದಕ್ಕಿಂತ ಗಟ್ಟಿ ಬಾಯಿಯ ಹೆಂಗಸು. ಮಕ್ಕಳಿರಲಿಲ್ಲ. ಗಂಡ ದುರಗಪ್ಪ ಒಂದು ವರ್ಷ ಸುಗ್ಗಿ ಮುಗಿದ ಮೇಲೆ ರಾಯಚೂರಿನ ಹತ್ತಿ ಗಿರಣಿಗೆ ಕೂಲಿಗೆಂದು ಹೋದವನು ಅಲ್ಲಿ ಪ್ಲೇಗಿಗೆ ಸಿಕ್ಕಿ ತೀರಿಕೊಂಡಿದ್ದ. ಅಂಥ ಬೇನೆಯ ದಿನಗಳಲ್ಲಿ ಹೆಣವನ್ನು ಯಾರೂ ಊರಿಗೆ ತರುವಂತಿರಲಿಲ್ಲ. ಅಲ್ಲಿಯೇ ಯಾರೋ ಮಣ್ಣು ಮಾಡಿದರು, ಎಷ್ಟೋ ದಿನಗಳ ಮೇಲೆ ಅವನ ಬಟ್ಟೆಯ ಗಂಟಿನೊಡನೆ ಸುದ್ದಿ ಬಂತು. ಊರ ಹೆಂಗಸರು ಅಳಿಸಲು ಹೋದರೆ ದ್ಯಾಮವ್ವ ಅಳಲಿಲ್ಲ. "ಮಾರಿ ನೋಡಿಲ್ಲ, ಒಂದ್ ಹಿಡಿ ಮಣ್ಣು ಹಾಕಿಲ್ಲ, ಹ್ಯಾಂಗ ಅಳ್ಲಿ?" ಎಂದು ಎದ್ದು ಎಮ್ಮೆ ಹಿಂಡಲು ಹೋದಳಂತೆ. ಗಂಟಿನಲ್ಲಿದ್ದ ಅಂಗಿಯನ್ನು ಆಮೇಲೆ ಹೊಲದ ಬೆದರುಗೊಂಬೆಗೆ ತೊಡಿಸಿದಳು, ಅದರ ತಲೆಗೆ ಅವನದೇ ರುಮಾಲು ಸುತ್ತಿದಳು.

ಹಗಲೆಲ್ಲ ಹೊಲದ ನಡುವಿನ ಅಟ್ಟದ ಮೇಲೆ ಕವಣೆ ಹಿಡಿದು ನಿಂತು ಹಕ್ಕಿ ಹೊಡೆಯುವಾಗ ಆಕೆ ಆ ಗೊಂಬೆಯೊಡನೆ ಜಗಳವಾಡುವುದು ನಮ್ಮ ಹೊಲಕ್ಕೂ ಕೇಳಿಸುತ್ತಿತ್ತು. "ಏನ್ರೀ, ಕೇಳಾಕತ್ತೀರೋ ಇಲ್ಲೋ? ಗಿಳಿ ಕುಂತಾವ, ಕೈಯರೆ ಅಲಗಾಡಸ್ರಿ! ಇದ್ದಾಗನೂ ಹಿಂಗ, ನಾ ದುಡೀಬೇಕು, ನೀವು ನಿಂತು ನೋಡಬೇಕು!" ಗಂಡನ ಹೆಸರು ಮಾತ್ರ ಬಾಯಿಗೆ ತರುತ್ತಿರಲಿಲ್ಲ, ನಮ್ಮ ಕಡೆಯ ಹೆಂಗಸರು ತರುವುದಿಲ್ಲ. ಊರಿನವರು ಇದನ್ನು ಕೇಳಿ ನಗುತ್ತಿದ್ದರು, ನಾನೂ ನಕ್ಕಿದ್ದೇನೆ. ಆ ವರ್ಷ ಹಂದಿಗಳು ಗುಡ್ಡಕ್ಕೆ ಹತ್ತಿರವಿದ್ದ ಆಕೆಯ ಹೊಲವನ್ನೇ ಹಿಡಿದಿದ್ದವು. ಒಂದು ಮೂಲೆಯನ್ನು ಆಗಲೇ ನೆಲಕ್ಕೆ ಮಲಗಿಸಿ, ನಡುಹೊಲದವರೆಗೂ ಬಂದಿದ್ದವು. ಆ ಜೋಳವೇ ಆಕೆಯ ವರ್ಷದ ರೊಟ್ಟಿ. ಅದು ಹೋದರೆ ಹೊಲ ಮಾರಿ ತವರಿನ ಅಣ್ಣನ ಮನೆ ಸೇರುವುದಲ್ಲದೆ ಬೇರೆ ದಾರಿ ಇರಲಿಲ್ಲ. ಅಣ್ಣನ ಹೆಂಡತಿಯ ಕೈಯ ರೊಟ್ಟಿಗಿಂತ ಹಂದಿಯ ಕೋರೆಯೇ ಮೇಲೆಂದು ಆಕೆ ಹೇಳುತ್ತಿದ್ದಳು. ಆಯಿಯ ತೀರ್ಪನ್ನು ತಿಳಿಸಲು ಹೋದಾಗ, "ಪಾಪಾ ಪುಣ್ಯಾ ನೀವ ಹಂಚ್ಕೊಳ್ರಿ ತಮ್ಮಾ, ನನಗ ನನ್ನ ಜ್ವಾಳ ಉಳಿಸಿಕೊಡ್ರಿ," ಎಂದಳು. ಹಾಗೆನ್ನುವಾಗ ಆಕೆಯ ದನಿ ಸ್ವಲ್ಪ ತಗ್ಗಿತ್ತು, ನಾನು ಅದನ್ನು ಗಮನಿಸಿದೆ.

ನಸುಕಿನಲ್ಲಿ ನಾನು, ಮಾವ, ದ್ಯಾಮವ್ವ ಮೂವರೂ ಅಟ್ಟ ಹತ್ತಿ ಕೂತೆವು. ಮೂಡಣ ಕೆಂಪಾಗುತ್ತಿತ್ತು. ಜೋಳದ ಗರಿಗಳ ಮೇಲೆ ಇಬ್ಬನಿ, ಮೂಗಿನ ತುದಿಯಲ್ಲಿ ಚಳಿ, ಮೈಮೇಲೆ ಖಾಕಿ ಕೋಟು, ತೊಡೆಯ ಮೇಲೆ ವಿಭೂತಿ ಧರಿಸಿದ ಬಂದೂಕು. ನಮ್ಮೆದುರಿಗೆ ಹಂದಿಗಳು ಕೆಡವಿದ ಬಯಲು, ಅದರಾಚೆಯ ದಿಬ್ಬದಲ್ಲಿ ಕೈ ಚಾಚಿ ನಿಂತ ಬೆದರುಗೊಂಬೆ, ಅದರಾಚೆ ಬರೀ ಗುಡ್ಡ. ಮಾವ ಪಿಸುದನಿಯಲ್ಲಿ ಹುಲಿಯೊಂದರ ಕತೆ ಶುರುಮಾಡಿದ್ದ. ದ್ಯಾಮವ್ವ ಅವನ ಮೊಣಕೈಗೆ ತಿವಿದು ಸುಮ್ಮನಾಗಿಸಿದಳು. ಜೋಳ ಅಲುಗಿತು. ಮೊದಲೊಂದು ಮೂತಿ, ಆಮೇಲೊಂದು ಭುಜ, ಆಮೇಲೆ ಇಡೀ ದೇಹ ಬಯಲಿಗೆ ಬಂತು. ನಾನು ಅರ್ಜಿಯಲ್ಲಿ ಬರೆದದ್ದಕ್ಕಿಂತ ಅದು ದೊಡ್ಡದಾಗಿತ್ತು, ನನಗೇ ಆಶ್ಚರ್ಯವಾಯಿತು.

ತೋಟಾ ಇಟ್ಟೆ, ಹಿಡಿ ಎಳೆದೆ, ಬಂದೂಕನ್ನು ಭುಜಕ್ಕೊತ್ತಿ ಕಣ್ಣು ಇಟ್ಟೆ. ಕಚ್ಚು ಕಾಣಲಿಲ್ಲ. ಕಚ್ಚು ಇರಬೇಕಾದಲ್ಲಿ ಕಲ್ಲಿನಂತೆ ಒಣಗಿದ ವಿಭೂತಿ. ಉಗುರಿನಿಂದ ಕೆರೆಯಬಹುದಿತ್ತು, ಆದರೆ ಆಯಿ ಹಚ್ಚಿದ ವಿಭೂತಿಯನ್ನು ಮೊದಲ ಕೆಲಸ ಮುಗಿಯುವ ಮೊದಲೇ ಕೆರೆಯುವುದು ನಮ್ಮ ಮನೆಯಲ್ಲಿ ಹುಟ್ಟಿದ ಯಾರ ಉಗುರಿಗೂ ಸಾಧ್ಯವಿರಲಿಲ್ಲ. "ಹೊಡಿಯಲೇ," ಎಂದು ಮಾವ ಉಸಿರಿದ. ನಾನು ಬಂದೂಕಿನ ಮೂತಿಯನ್ನು ತುಸು ಮೇಲೆತ್ತಿ, ವಿಭೂತಿಯ ದಿಣ್ಣೆಯ ಮೇಲಿಂದ ತುದಿಯ ಕಾಳು ಕಾಣುವಂತೆ ಮಾಡಿಕೊಂಡು, ಕಾಳಿನ ಕೆಳಗೆ ಎಲ್ಲೋ ಹಂದಿ ಇದೆಯೆಂದು ಶಿವನ ಮೇಲೆ ಭಾರ ಹಾಕಿ ಕುದುರೆ ಎಳೆದೆ.

ಮೊದಲ ಗುಂಡಿನ ಅನುಭವ ಹೇಗಿತ್ತು ಎಂದು ಆಮೇಲೆ ಬಹಳ ಜನ ನನ್ನನ್ನು ಕೇಳಿದ್ದಾರೆ. ಶಬ್ದ ನನಗೆ ಕೇಳಿಸಲೇ ಇಲ್ಲ ಎಂದರೆ ಯಾರೂ ನಂಬುವುದಿಲ್ಲ. ನನಗೆ ಗೊತ್ತಾದದ್ದು ಭುಜಕ್ಕೆ ಬಿದ್ದ ಒದೆ. ಮುಂದಿದ್ದವರಿಗೆ ಹೊಡೆಯುವ ವಸ್ತು ಹಿಂದೆ ನಿಂತವನಿಗೂ ಅವನ ಪಾಲು ಕೊಟ್ಟೇ ಕೊಡುತ್ತದೆ ಎಂಬುದನ್ನು ಪುಸ್ತಕಗಳಿಂದ ಕಲಿಯುವುದು ಕಷ್ಟ, ಭುಜದಿಂದ ಕಲಿಯುವುದು ಸುಲಭ. ಒದೆಯ ಹಿಂದೆಯೇ ಮದ್ದಿನ ಹೊಗೆ ಕೋಟಿನೊಳಗೆ, ಮೂಗಿನೊಳಗೆ, ಕಣ್ಣಿನೊಳಗೆ ತುಂಬಿತು. ಆಮೇಲೆ ಒಂದು ಮೌನ; ಸುತ್ತಲ ಹೊಲಗಳ ಹಕ್ಕಿಪಕ್ಕಿಯೆಲ್ಲ ಎದ್ದುಹೋಗಿ, ಇಡೀ ಸೀಮೆ ನನ್ನನ್ನೇ ನೋಡುತ್ತಿದೆಯೆನ್ನಿಸುವ ಮೌನ. ನನಗೆ ಹೆಮ್ಮೆಯಾಯಿತೆಂದು ಹೇಳಬೇಕು, ಸುಳ್ಳೇಕೆ.

ಹೊಗೆ ತಿಳಿಯಾದಾಗ ಆ ಹಂದಿಯೂ ಜೋಳದೊಳಗಿದ್ದ ಅದರ ಬಳಗವೂ ಗುಡ್ಡದ ದಾರಿ ಹಿಡಿದು ಓಡುತ್ತಿದ್ದವು, ಒಂದಕ್ಕೂ ಏಟು ಬಿದ್ದಿರಲಿಲ್ಲ. "ಶಾಬಾಶ್! ಹೆದರಿಸೂದ ನಿಜವಾದ ಶಿಕಾರಿ!" ಎಂದು ಮಾವ ಕೂಗಿದ. ಅವನ ಮಾತು ಮುಗಿಯುವಷ್ಟರಲ್ಲಿ ಆಚೆಯ ದಿಬ್ಬದ ಮೇಲೆ ಬೆದರುಗೊಂಬೆ ಮೆಲ್ಲಗೆ ಒಂದು ಕಡೆ ವಾಲಿ, ರುಮಾಲು ಬಿಚ್ಚಿಕೊಂಡು, ಮುಗ್ಗರಿಸಿ ಜೋಳದೊಳಗೆ ಬಿತ್ತು.

ದ್ಯಾಮವ್ವ ಅಟ್ಟದಿಂದಿಳಿದು ಹೋದಳು. ನಾವು ಹಿಂದೆ ಹೋದೆವು. ಗುಂಡು ಗೊಂಬೆಯ ಕೋಲನ್ನು ಮುರಿದು, ಅಂಗಿಯ ಎದೆಯಲ್ಲಿ ಹೊಕ್ಕು ಬೆನ್ನಲ್ಲಿ ಹೊರಬಂದಿತ್ತು. ಆಕೆ ಅಂಗಿಯನ್ನು ಬಿಡಿಸಿಕೊಂಡು ತೊಡೆಯ ಮೇಲೆ ಹಾಸಿ ಆ ತೂತಿನೊಳಗೆ ಬೆರಳಿಟ್ಟಳು. ಬೈಯುತ್ತಾಳೆಂದು ನಾನು ಕಾದೆ. ಬೈದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು.

"ಯಕ್ಕಾ, ನೋಡಿ ಹೊಡೀಲಿಲ್ಲ ನಾನು, ವಿಭೂತಿ ಅಡ್ಡ ಬಂತು..." ಎಂದೆ.

"ಇರ್ಲಿ ತಮ್ಮಾ," ಎಂದಳು ಆಕೆ. "ಮೊದಲ ಹೋದಾಗ ನಾ ಹತ್ತರ ಇರಲಿಲ್ಲ. ಈ ಸಲ ಇದ್ದೀನಿ."

ಆಮೇಲೆ ಆಕೆ ನೆಲದ ಮೇಲೆ ಕೂತು, ಅಂಗಿಯನ್ನು ಎದೆಗೊತ್ತಿಕೊಂಡು, ನಮ್ಮ ಕಡೆಯ ಹೆಂಗಸರು ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವ ಹಾಗೆ ದನಿ ತೆಗೆದಳು. "ರೊಟ್ಟಿ ಕಟ್ಟಿ ಕೊಟ್ಟಿದ್ದೆನಲ್ಲೋ ನನ್ನ ದುರಗಪ್ಪಾ, ಅದನರೆ ತಿಂದಿದ್ದೇನೋ... ಗಿರಣಿ ಮಂದ್ಯಾಗ ನಿನ್ನ ಬಾಯಿಗೆ ನೀರು ಯಾರು ಬಿಟ್ಟರೋ ನನ್ನ ದುರಗಪ್ಪಾ..." ಹುಟ್ಟಿದಂದಿನಿಂದ ಆಕೆಯ ಪಕ್ಕದ ಹೊಲದಲ್ಲಿ ಬೆಳೆದ ನಾನು ಆ ಹೆಸರನ್ನು ಆಕೆಯ ಬಾಯಿಂದ ಕೇಳಿದ್ದು ಅದೇ ಮೊದಲು. ಸುತ್ತಲ ಹೊಲಗಳ ಅಟ್ಟಗಳಿಂದ ಹೆಂಗಸರು ಕವಣೆ ಕೆಳಗಿಟ್ಟು ಒಬ್ಬೊಬ್ಬರಾಗಿ ಬಂದರು. ಏನಾಯಿತೆಂದು ಯಾರೂ ಕೇಳಲಿಲ್ಲ; ಬಂದವರು ಆಕೆಯ ಸುತ್ತ ಕೂತು ದನಿಗೂಡಿಸಿದರು. ಬೇಸಾಯದ ಗಂಡಸರೂ ಬಂದು ದೂರ ನಿಂತರು. ಬಸಣ್ಣಮಾವ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ನನಗೂ ಅಳು ಬಂತು, ಅತ್ತುಬಿಟ್ಟೆ.

ಬದುವಿನ ಬನ್ನಿಗಿಡದ ಬುಡದಲ್ಲಿ ಆಕೆ ಕುರ್ಪಿಯಿಂದ ತಾನೇ ಗುಂಡಿ ತೋಡಿದಳು. ಅಂಗಿಯನ್ನು ಮಡಿಸಿ ಒಳಗಿಟ್ಟು, ರುಮಾಲನ್ನು ಅದರ ಮೇಲಿಟ್ಟು, ಒಂದು ಹಿಡಿ ಮಣ್ಣು ಹಾಕಿದಳು. ಆಮೇಲೆ ನನ್ನ ಕಡೆ ನೋಡಿ, "ನೀನೂ ಹಾಕು," ಎಂದಳು. ನಾನು ಹಾಕಿದೆ, ಮಾವ ಹಾಕಿದ, ಎಲ್ಲರೂ ಹಾಕಿದರು. ಎರೆಮಣ್ಣು ಇಬ್ಬನಿಗೆ ಒದ್ದೆಯಾಗಿ ಅಂಗೈಗೆ ಅಂಟಿಕೊಳ್ಳುತ್ತಿತ್ತು.

ಕಣ್ಣೊರೆಸಿಕೊಂಡು ಎದ್ದವಳು ಬರಿದಾಗಿ ನಿಂತ ಮುರುಕು ಕೋಲನ್ನು ನೋಡಿದಳು, ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕೋಟು ಬಿಚ್ಚು ತಮ್ಮಾ," ಎಂದಳು. ನಾನು ಬಿಚ್ಚಿಕೊಟ್ಟ ಕೋಟನ್ನು ಆಕೆ, ಮುರುಕು ಕೋಲನ್ನು ಕಟ್ಟಿ ನಿಲ್ಲಿಸಿ, ಅದಕ್ಕೆ ತೊಡಿಸತೊಡಗಿದಳು. ಶೇಂಗಾ ಕಿಸೆಯಲ್ಲೇ ಉಳಿಯಿತು. ಆ ಕೋಟಿಗೆ ಮದ್ದಿನ ಹೊಗೆ ಎಷ್ಟು ಹತ್ತಿಕೊಂಡಿತ್ತೆಂದರೆ, ಅದರ ನಾತಕ್ಕೋ, ಅಂದಿನ ಶಬ್ದದ ನೆನಪಿಗೋ, ಹಂದಿಗಳು ಆ ಸುಗ್ಗಿ ಮುಗಿಯುವವರೆಗೆ ಆ ಹೊಲದತ್ತ ತಲೆ ಹಾಕಲಿಲ್ಲ. ದ್ಯಾಮವ್ವನ ಜೋಳ ಮನೆ ಸೇರಿತು, ಆಕೆ ಅಣ್ಣನ ಮನೆ ಸೇರಲಿಲ್ಲ. ಒಂದು ಜೀವವೂ ಹೋಗದೆ ಕೆಲಸವಾಯಿತೆಂದು ಆಯಿ ಹಿಗ್ಗಿದಳು. ಆಕೆ ವಿಭೂತಿಯನ್ನು ಅಷ್ಟು ದಪ್ಪವಾಗಿ, ಅಲ್ಲಿಯೇ ಹಚ್ಚಿದ್ದು ಬರೀ ಮಾವನ ಮಾತು ಕೇಳಿಯೋ ಅಥವಾ ಶಿವನೊಡನೆ ಒಳಗಿಂದೊಳಗೆ ಏನಾದರೂ ಮಾತಾಡಿಕೊಂಡೋ ಎಂದು ನನಗೆ ಈಗಲೂ ಅನುಮಾನ. ಕೇಳಿದರೆ, "ಕಣ್ಣು ಕಾಣಲ್ಲಪ್ಪ ನನಗ," ಎನ್ನುತ್ತಿದ್ದಳು. ಅದೇ ಕಣ್ಣಿನಿಂದ ಆಕೆ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಇದೆಲ್ಲ ಆಮೇಲಿನ ಮಾತು. ಅಂದು ಬೆಳಿಗ್ಗೆ ಕೋಟಿನ ಕಡೆಯ ಗುಂಡಿಯನ್ನು ಹಾಕುತ್ತಿದ್ದ ದ್ಯಾಮವ್ವನ ಕೈ ತಟ್ಟನೆ ನಿಂತಿತು. ಬಿಸಿಲು ಏರಿತ್ತು. ಗುಂಡಿನ ಸದ್ದಿಗೆ ಎದ್ದುಹೋಗಿದ್ದ ಗಿಳಿಗಳು, ಯಾವ ಅಟ್ಟದ ಮೇಲೂ ಯಾರೂ ಇಲ್ಲದ್ದನ್ನು ಕಂಡು, ಹಿಂಡುಹಿಂಡಾಗಿ ತಿರುಗಿ ಬಂದು ಎಲ್ಲರ ಹೊಲದಲ್ಲೂ ಕೂತಿದ್ದವು. ಆಕೆಯ ಹೊಲದಲ್ಲಿ ತೆನೆಗೊಂದರಂತೆ ಕೂತಿದ್ದವು.

"ಅಯ್ಯ ಶಿವನ!" ಎಂದು ಆಕೆ, ಇನ್ನೂ ಬನ್ನಿಗಿಡದ ಬುಡದಲ್ಲಿ ತಲೆ ತಗ್ಗಿಸಿ ಕೂತಿದ್ದವರ ಕಡೆ ತಿರುಗಿ, ಅತ್ತು ಅತ್ತು ಬಿದ್ದುಹೋದ ದನಿಯಲ್ಲಿ ಕೂಗಿದಳು. "ಏಳ್ರೇ ಯವ್ವಾ, ಸತ್ತವನ ಕಾಯ್ಕೊಂತ ಏನ್ ಕುಂತೀರಿ? ನನ್ನ ಜ್ವಾಳ ಹೋಗಾಕತ್ತೈತಿ!"

ಎಲ್ಲರೂ ಎದ್ದೆವು. ಹೆಂಗಸರು ಕವಣೆಗೆ ಓಡಿದರು. ಬಸಣ್ಣಮಾವ ಬಿಚ್ಚಿದ ರುಮಾಲನ್ನು ಎರಡೂ ಕೈಯಲ್ಲಿ ಬೀಸುತ್ತ, ಉರ್ದುವಿನಲ್ಲಿ ಗಿಳಿಗಳ ವಂಶವನ್ನೆಲ್ಲ ಬೈಯುತ್ತ ಜೋಳದೊಳಗೆ ನುಗ್ಗಿದ. ಕಣ್ಣೀರಿನ್ನೂ ಆರದ ಮುಖಗಳು, ಮಣ್ಣು ಮೆತ್ತಿದ ಕೈಗಳು, ಎಲ್ಲರೂ ಹೋ ಎಂದು ಚೀರುತ್ತ ಆಕೆಯ ಹೊಲದ ಉದ್ದಗಲ ಓಡಿದೆವು. ಅಟ್ಟದ ಮೇಲೇರಿ ನಿಂತು ಕವಣೆ ತಿರುಗಿಸುತ್ತಿದ್ದ ದ್ಯಾಮವ್ವ ಈ ಸಲ ಯಾರನ್ನೂ ಬೈಯಲಿಲ್ಲ, ಹಕ್ಕಿಗಳನ್ನಷ್ಟೇ ಕೂಗಿದಳು. ಬಂದೂಕು ಎಲ್ಲಿ ಬಿದ್ದಿತ್ತೋ, ಮಧ್ಯಾಹ್ನದವರೆಗೂ ನನಗೆ ಅದರ ನೆನಪೇ ಆಗಲಿಲ್ಲ.